ವೇಗ ಬ್ಯಾಡ, ಹಾದಿ ಹೇಳು

ಗುಳೇದಗುಡ್ಡ, ಮಗ್ಗದ ಓಣಿ.
ಅನಾಮ ಸಂವತ್ಸರ, ಹದಿಮೂರನೆಯ ಮಾಸದ ಬಹುಳ ಪಂಚಮಿ. ನಿಮ್ಮ ಲೆಕ್ಕದಲ್ಲಿ ಕ್ರಿಸ್ತಶಕ 2123.

ಹಿಂದಿನ ಕಾಲದ ಮಹಾಜನರೇ, ಮನೆಗೆ ಫೈಬರ್ ಹಾಕಿಸಬೇಕೆಂದು ಕಂಪನಿಗಳ ಜಾಹೀರಾತುಗಳನ್ನು ಮುಂದೆ ಹರಡಿಕೊಂಡು ಕುಳಿತಿರುವ ತಾಯಂದಿರೇ, ತಂದೆಯರೇ, ಪರದೆ ಸರಿಯುವ ಮುನ್ನ ಒಂದು ಕ್ಷಮೆ ಕೇಳಿಬಿಡುತ್ತೇನೆ. ತಾರೀಖು ನೋಡಿ ಗಾಬರಿಯಾಗಬೇಡಿ. ಋತುಗಳು ಪಂಚಾಂಗದ ಮಾತು ಕೇಳದಾದಾಗ ನಮ್ಮ ಹಿರಿಯರು ನಿಮ್ಮ ಅರವತ್ತು ಸಂವತ್ಸರಗಳಿಗೆ ಇನ್ನೊಂದನ್ನು ಸೇರಿಸಿದರು. ಅದಕ್ಕೆ ಏನು ಹೆಸರಿಡುವುದು ಎಂದು ಜಗಳವಾಡಿ, ಕೊನೆಗೆ ಅನಾಮ ಎಂದೇ ಬಿಟ್ಟರು. ನನ್ನ ಮಾತುಗಳೂ ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ನಿಮ್ಮ ಫೈಬರಿಗೆ ನಾವು ಗಾಜೆಳೆ ಎನ್ನುತ್ತೇವೆ, ಗಾಜಿನ ಎಳೆಯೇ ಆದ್ದರಿಂದ. ಅದನ್ನು ಮನೆಗೆ ಮುಟ್ಟಿಸುವ ಕಂಪನಿ ನಮಗೆ ಎಳೆಮನೆ. ನನ್ನ ಹೆಸರು ಹುಚ್ಚೇಶ. ನಾಟಕ ಕಂಪನಿಯ ಬಣ್ಣದ ಪೆಟ್ಟಿಗೆಗಳ ನಡುವೆ ಬೆಳೆದವನು, ಕೊನೆಯ ಸಾಲಿನವರಿಗೂ ಕೇಳುವಂತೆ ಮಾತನಾಡಿ ರೂಢಿ. ನೀವೋ ನೂರು ವರ್ಷ ಹಿಂದಿನ ಸಾಲಿನಲ್ಲಿ ಕುಳಿತವರು. ಇನ್ನೂ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು.

ನಮ್ಮ ಓಣಿಯ ದಿನ ಸಂಜೆಗೆ ಶುರುವಾಗುತ್ತದೆ. ಹಗಲು ಬಂಡೆ ಕಾದು ಹೆಂಚಾಗಿರುತ್ತದೆ, ಆಗ ಊರೆಲ್ಲ ನಿದ್ದೆ. ಇಳಿಹೊತ್ತಿಗೆ ಮಗ್ಗಗಳು ಏಳುತ್ತವೆ. ನಿಮ್ಮ ಕಾಲದಲ್ಲಿ ಕುಬಸಕ್ಕೆಂದು ನೇಯುತ್ತಿದ್ದ ಖಣವನ್ನು ನಾವೀಗ ತೇಲೂರಿನವರ ಹಾಯಿಗೂ ನೇಯುತ್ತೇವೆ. ತೇಲೂರು ಎಂದರೆ ಕಾರವಾರದ ಆಚೆ ಸಮುದ್ರದ ಮೇಲೆ ತೇಲುವ ಊರು. ಮನೆಗಳನ್ನು ಒಂದಕ್ಕೊಂದು ಹಗ್ಗದಿಂದ ಬಿಗಿದಿರುತ್ತಾರೆ. ಗಾಳಿ ತಿರುಗಿದರೆ ನೆರೆಯವರ ಹಿತ್ತಲು ನಿಮ್ಮ ಮುಂಬಾಗಿಲಿಗೆ ಬಂದು ನಿಲ್ಲುತ್ತದೆ. ಡಾಕ್ಟರು, ಶಾಲೆಯ ಮಾಸ್ತರು, ಬೀಗರ ಜಗಳ, ಎಲ್ಲವೂ ನಮ್ಮ ಮನೆಗೆ ಗಾಜೆಳೆಯ ಮೇಲೆಯೇ ಬರುತ್ತವೆ. ನಾಟಕ ಮಾತ್ರ ಬಯಲಲ್ಲಿ, ಕೋಳಿ ಕೂಗುವ ಹೊತ್ತಿಗೆ, ಕಲ್ಲು ತಂಪಾಗಿರುವಾಗ. ಅದಕ್ಕೆ ನಸುಕಿನಾಟ ಎಂದು ಹೆಸರು.

ನಿಮ್ಮಲ್ಲಿ ಮನೆಗೊಂದು ಎಳೆಮನೆಯಂತೆ. ಅಣ್ಣನಿಗೆ ಒಂದು ಕಂಪನಿ, ತಮ್ಮನಿಗೆ ಇನ್ನೊಂದು, ನಡುವೆ ಒಂದೇ ಗೋಡೆ. ಇದು ನಿಜವೇ? ಯಾರನ್ನು ಕೇಳಿ ಆರಿಸುತ್ತಿದ್ದಿರಿ? ಬೇಸರವಾದರೆ ಬಿಟ್ಟು ಇನ್ನೊಬ್ಬರನ್ನು ಹಿಡಿಯುತ್ತಿದ್ದಿರಂತೆ, ಅಷ್ಟು ಸುಲಭವಿತ್ತೇ? ತಿಳಿಯಬೇಕೆಂಬ ಆಸೆ ನನಗೆ ಬಹಳ. ನಮ್ಮಲ್ಲಿ ಇಡೀ ಓಣಿಗೆ ಒಂದೇ ಎಳೆಮನೆ, ಹನ್ನೆರಡು ವರ್ಷಕ್ಕೊಮ್ಮೆ ಆಯ್ಕೆ. ಬಂದವರು ತಮ್ಮ ತಂತಿಯ ತುಂಡೊಂದನ್ನು ಹಿರಿಯರ ಕೈಗೆ ಕೊಡಬೇಕು. ನೇಕಾರರ ಓಣಿಯಲ್ಲವೇ, ಬಾಯಿಮಾತಿನ ಮೇಲೆ ಯಾರಿಗೂ ನಂಬಿಕೆಯಿಲ್ಲ. ತುಂಡನ್ನು ಸೀಳಿ, ಬೆಳಕಿಗೆ ಹಿಡಿದು, ಎಳೆ ಎಣಿಸಿ ನೋಡುತ್ತಾರೆ.

ಈ ಸಲ ಇಬ್ಬರು ಬಂದಿದ್ದರು. ಮಹಾರಥಿ ಎಂಬ ಎಳೆಮನೆಯ ತುಂಡು ಹೆಬ್ಬೆರಳು ಗಾತ್ರವಿತ್ತು. ಒಳಗೆ ಎಣಿಸಿ ಮುಗಿಯದಷ್ಟು ಎಳೆ, ಮೇಲೆ ಜರಿಯಂತೆ ಹೊಳೆಯುವ ಹೊದಿಕೆ. ಬಾಗಲಕೋಟೆಯ ಸಣ್ಣ ಎಳೆಮನೆಯ ಒಡತಿ ಗಿರಿಜಾ ತೆಗ್ಗಿ ತಂದದ್ದು ಸಣಕಲು ತುಂಡು. ಓಣಿಯ ಹಿರಿಯ ಸಂಗನಬಸಪ್ಪ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ.

"ಇದೇನ್ರೀ ಯವ್ವಾ, ಉಡದಾರ ತಂದೀರೇನು?"

ಬಯಲಲ್ಲಿ ಸೇರಿದ್ದ ಓಣಿಯೆಲ್ಲ ನಕ್ಕಿತು. ಗಿರಿಜಾ ನಗಲಿಲ್ಲ. "ಒಂದು ಮನಿಗೆ ಒಂದ ಎಳಿ ಸಾಕ್ರಿ ಯಜಮಾನ್ರ. ಅದು ಎಲ್ಲಿ ಹಾದು ಹೋಗ್ತತಿ ಕೇಳ್ರಿ."

"ಖಣಕ್ಕ ಎಳಿ ಹೆಚ್ಚಾದಷ್ಟು ಬಾಳಿಕಿ ಹೆಚ್ಚು ತಂಗಿ. ನಮಗ ಕಲಸಬ್ಯಾಡ" ಎಂದು ಸಂಗನಬಸಪ್ಪ ದಪ್ಪ ತುಂಡನ್ನು ಮಡಿಲಲ್ಲಿಟ್ಟುಕೊಂಡ. ಆಯ್ಕೆ ಮುಗಿಯಿತು. ನೇಕಾರರನ್ನು ಬಿಟ್ಟು ಬೇರೆ ಯಾರೂ ಇಂಥ ತಪ್ಪು ಮಾಡಲಾರರು.

ಇನ್ನು ನಾಯಕಿಯ ಪ್ರವೇಶ. ನನ್ನ ದೊಡ್ಡವ್ವ ಬನಶಂಕರವ್ವ, ಓಣಿಗೆಲ್ಲ ಬನ್ನವ್ವ. ಅವಳ ತಂಗಿ, ನನ್ನ ಚಿಕ್ಕವ್ವ ಕಸ್ತೂರವ್ವ. ಲಂಗ ತೊಡುವ ವಯಸ್ಸಿನಿಂದ ಇಬ್ಬರೂ ಕಂಪನಿಯಲ್ಲಿ ಸವತಿಯರ ಜಗಳದ ಹಾಡು ಹಾಡಿದವರು. ಒಬ್ಬಳು ಕೆಣಕಿ ಬಿಟ್ಟ ಸಾಲನ್ನು ಇನ್ನೊಬ್ಬಳು ತಾಳ ಬೀಳುವುದರೊಳಗೆ ಕಸಿದುಕೊಳ್ಳಬೇಕು, ಅದೇ ಆ ಹಾಡಿನ ಜೀವ. ಕಸ್ತೂರವ್ವ ಈಗ ಮಗಳು ಸುಗಂಧಾಳ ಜೊತೆ ತೇಲೂರಿನಲ್ಲಿದ್ದಾಳೆ, ಕಾಲು ಸೋತು ಊರಿಗೆ ಬರಲಾರಳು. ಬನ್ನವ್ವನ ಗಂಟಲಲ್ಲಿ ಗಂಟು ಎದ್ದಿದೆ. ಅದನ್ನು ತೆಗೆದ ಮೇಲೆ ಮಾತು ಉಳಿಯುತ್ತದೆ, ಹಾಡು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅದಕ್ಕೆ ಮೊದಲು ಒಂದು ನಸುಕಿನಾಟವಿತ್ತು. ತಂಗಿಯ ಜೊತೆ ಆ ಹಾಡನ್ನು ಇನ್ನೊಮ್ಮೆ ಹಾಡಬೇಕು, ಬನ್ನವ್ವನಿಗೆ ಬೇಕಾಗಿದ್ದದ್ದು ಅಷ್ಟೇ.

ಮಹಾರಥಿಯ ಗಾಜೆಳೆ ಓಣಿಗೆ ಬಂದೊಡನೆ ತಾಲೀಮು ಇಟ್ಟುಕೊಂಡೆವು. ಚಿತ್ರದ ವಿಷಯದಲ್ಲಿ ಅವರು ಸುಳ್ಳು ಹೇಳಿರಲಿಲ್ಲ. ಕಸ್ತೂರವ್ವನ ಮೂಗುತಿಯ ಹರಳು, ಅವಳ ಹಿಂದೆ ಒಣಹಾಕಿದ್ದ ಮೀನಿನ ಕಣ್ಣು, ಎಲ್ಲ ಕಂಡವು. ನಾನು ತಬಲಾಕ್ಕೆ ಕುಳಿತೆ. ಬನ್ನವ್ವ ಮೊದಲ ಸಾಲು ಬಿಟ್ಟಳು. ತಂಗಿಯ ಸಾಲು ಬಂತು, ತಾಳ ಬಿದ್ದ ಮೇಲೆ.

"ಯಾಕ ಕಸ್ತೂರಿ, ಎಳ್ಯಾಕತ್ತಿ? ಮೀನ ತಿಂದು ನಾಲಿಗಿ ಭಾರ ಆತೇನು?"

"ನಾನೆಲ್ಲಿ ಎಳದ್ನಿ ಅಕ್ಕಾ? ನೀನ ಹಿಂದ ಬೀಳಾಕತ್ತಿ. ವಯಸ್ಸಾತು, ಒಪ್ಕೋ."

"ನಿನಗ ತಾಳ ಕಲಿಸಿದಾಕಿನ ನಾನು. ನನಗ ಹೇಳಾಕ ಬಂದ್ಯಾ?"

"ಕಲಿಸಿದಾಕಿ ಮರತೀ, ಅದಕ್ಕ ಹೇಳಾಕತ್ತೇನಿ. ನಿನ್ನ ಜೋಡಿ ನಾ ಹಾಡೂದುಲ್ಲ, ಹೋಗು."

ಪರದೆ ಆರಿತು. ಬನ್ನವ್ವ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಳು. ನನಗೆ ತಲೆ ಕೆಟ್ಟಿತು. ತಬಲಾ ನನ್ನ ಕೈಯಲ್ಲಿತ್ತು, ದೊಡ್ಡವ್ವ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅಷ್ಟರಲ್ಲಿ ಸುಗಂಧಾ ತೇಲೂರಿನಿಂದ ಮತ್ತೆ ಕರೆ ಮಾಡಿದಳು. "ಅಣ್ಣಾ, ಅವ್ವ ತಪ್ಪಿಲ್ಲ. ನಾನ ಬಾಜೂಕ ಕುಂತು ಕೈತಾಳ ಹಾಕಾಕತ್ತಿದ್ನಿ." ಇಬ್ಬರೂ ಸರಿ, ಇಬ್ಬರಿಗೂ ಇನ್ನೊಬ್ಬಳು ತಡ. ಹಾಗಾದರೆ ನಡುವಿನ ಆ ಹೊತ್ತು ಎಲ್ಲಿ ಹೋಗುತ್ತಿತ್ತು? ಇದಕ್ಕೆ ನಾವೀಗ ತಾಳತಪ್ಪು ಎನ್ನುತ್ತೇವೆ. ಆವತ್ತು ಅದಕ್ಕೆ ಹೆಸರಿರಲಿಲ್ಲ.

ಮಹಾರಥಿಯ ಪ್ರತಿನಿಧಿ ಶಿರೋಳನನ್ನು ಕರೆಸಿದೆವು. ಅವನು ರಂಗದ ಮೇಲಿನ ರಾಜಕುಮಾರನಂತೆ ಎದೆ ಮುಂದೆ ಮಾಡಿ ಬಂದ. "ಅಮ್ಮಾರ, ನಮ್ಮಷ್ಟು ವೇಗ ಯಾರ್ದೂ ಇಲ್ರಿ. ಒಂದ ಉಸಿರಿನ್ಯಾಗ ಸಾವಿರ ನಾಟಕ ಇಳಸ್ತೀವಿ."

ಬನ್ನವ್ವ ಎದ್ದು ಕುಳಿತಳು. "ಸಾವಿರ ನಾಟಕ ಯಾರಿಗೆ ಬೇಕೋ ಯಪ್ಪಾ. ನನಗ ಒಂದ ಹಾಡು ಸಾಕು. ವೇಗ ಬ್ಯಾಡ, ಹಾದಿ ಹೇಳು. ನನ್ನ ದನಿ ಇಲ್ಲಿಂದ ಹೊಂಟು ಯಾವ್ಯಾವ ಊರ ಮುಟ್ಟಿ ಕಸ್ತೂರಿ ಮನಿಗೆ ಹೋಗ್ತತಿ?"

ಶಿರೋಳ ತನ್ನ ಅಂಗೈಪಾಟಿಯಲ್ಲಿ ಹುಡುಕಿದ. "ಇಲ್ಲಿಂದ ದಿಲ್ಲಿರಿ. ದಿಲ್ಲಿಯಿಂದ ಸಿಂಗಪುರ. ಅಲ್ಲಿಂದ ಹೊಳ್ಳಿ ಸಮುದ್ರದಾಗಿಂದ ತೇಲೂರು."

ಅಲ್ಲೇ ಕುಳಿತಿದ್ದ ಸಂಗನಬಸಪ್ಪ ನಿಧಾನಕ್ಕೆ ಹೇಳಿದ. "ಹುಬ್ಬಳ್ಳಿ ಬಸ್ ಹತ್ತಿದವ್ರಿಗೆ ಕಾಶಿ ತೋರಿಸಿ ಕರಕೊಂಡ ಬಂದಂಗಾತಲ್ಲೋ ತಮ್ಮಾ."

"ನಮ್ಮ ಕೂಡುಕಟ್ಟಿ ಅಲ್ಲೇ ಇರೂದ್ರಿ. ಇಲ್ಲಿ ಸಣ್ಣವ್ರ ಕಟ್ಟಿಗೆ ನಾವು ಬರೂದುಲ್ಲ." ಕೂಡುಕಟ್ಟೆ ಎಂದರೆ ಒಂದು ಎಳೆಮನೆಯ ಮಾತು ಇನ್ನೊಂದು ಎಳೆಮನೆಗೆ ದಾಟುವ ಜಾಗ. ದೊಡ್ಡವರು ಪಕ್ಕದೂರಿನ ಕಟ್ಟೆಯಲ್ಲಿ ಸಣ್ಣವರ ಜೊತೆ ಕೂಡಲು ಒಲ್ಲೆ ಎಂದರೆ, ಪಕ್ಕದ ಮನೆಯ ಮಾತೂ ಸಮುದ್ರ ಸುತ್ತಿಯೇ ಬರಬೇಕು. ನಿಮ್ಮ ಕಾಲದಲ್ಲೂ ಹೀಗೆಯೇ ಇತ್ತೇ?

ತಪ್ಪು ಹಾದಿಯದೆಂದು ತಿಳಿದು ಕಸ್ತೂರವ್ವನ ಸಿಟ್ಟೇನೋ ಇಳಿಯಿತು. ಆದರೆ ಆಯ್ಕೆ ಬದಲಿಸುವಂತಿರಲಿಲ್ಲ, ಹನ್ನೆರಡು ವರ್ಷದ ಮಾತು. ಮಗ್ಗದಿಂದ ಕೊಯ್ದ ಬಟ್ಟೆಯನ್ನು ಮತ್ತೆ ಹಾಸುನೂಲಿಗೆ ಸೇರಿಸುವುದುಂಟೇ ಎಂದು ಹಿರಿಯರು ತಲೆಯಾಡಿಸಿದರು. ಬನ್ನವ್ವನ ಬಳಿ ಹನ್ನೆರಡು ವಾರವೂ ಇರಲಿಲ್ಲ. ಆಗ ನಾನು ನಾಚಿಕೆ ಬಿಟ್ಟು ಗಿರಿಜಾ ತೆಗ್ಗಿಯ ಮನೆಗೆ ಹೋದೆ. ಅವಳು ನಮ್ಮನ್ನು ಒಮ್ಮೆಯೂ ಹಂಗಿಸಲಿಲ್ಲ, ಅದೇ ಹೆಚ್ಚು ಚುಚ್ಚಿತು. ನಮ್ಮ ಓಣಿಯ ಕೆಳಗೆ ಹಳೆಯದೊಂದು ಕೊಳವೆಯಿದೆ, ಅದರೊಳಗೆ ಒಂದೇ ಒಂದು ಗಾಜೆಳೆ ಇದೆ, ನಿಮ್ಮ ಕಾಲದ್ದು ಎಂದಳು. ಬಾಗಲಕೋಟೆಯ ಕಟ್ಟೆ, ಹುಬ್ಬಳ್ಳಿ, ಕಾರವಾರ, ಅಲ್ಲಿಂದ ತೇಲೂರು, ನೇರ ಹಾದಿ. ಅದು ಓಣಿಯದೇ ಸ್ವತ್ತು, ಬಳಸಲು ಯಾರ ಅಪ್ಪಣೆಯೂ ಬೇಡ. ಆದರೆ ಸವೆದ ಎಳೆ. ದನಿ ಹೊರುತ್ತದೆ, ಚಿತ್ರ ಹೊರುವುದಿಲ್ಲ.

ಅದನ್ನು ಹಾಕಿಸಿದವರು ಯಾರೋ ಗೊತ್ತಿಲ್ಲ. ದೊಡ್ಡ ಹೆಸರಿನ ಕಂಪನಿ ಬಿಟ್ಟು ಪಕ್ಕದ ಕಟ್ಟೆಗೆ ನೇರ ಹೋಗುವ ಸಣ್ಣ ಎಳೆಮನೆಯನ್ನು ಆರಿಸಿದವರು. ಗೋಡೆಯ ಮೇಲೆ ಜೋತುಬಿಡದೆ ಕೊಳವೆಯಲ್ಲಿ ನೆಲಕ್ಕಿಳಿಸಿ ಎಂದು ಹಟ ಹಿಡಿದವರು. ಯಾಕೆ? ಕಾರವಾರದಲ್ಲಿ ಅವರಿಗೂ ಯಾರಾದರೂ ಇದ್ದರೇ? ಇಲ್ಲ, ಬಟ್ಟೆ ಒಣಹಾಕಲು ತಂತಿ ಅಡ್ಡ ಬರುತ್ತದೆ ಎಂದಷ್ಟೇ ಇರಬಹುದೇ? ಎಷ್ಟೋ ಸಲ ಯೋಚಿಸಿದ್ದೇನೆ. ನೀವೇ ಆಗಿದ್ದರೂ ಇರಬಹುದು.

"ಮಾರಿ ಕಾಣದ ಹಾಡು ಯಾರ ನೋಡ್ತಾರಬೇ? ಪರದಿ ಕಪ್ಪಿದ್ರ ಜನ ಎದ್ದು ಹೋಗ್ತಾರ" ಎಂದ ಸಂಗನಬಸಪ್ಪ.

"ಆಕಿ ಮಾರಿ ಏನು ನೋಡೂದು, ನನ್ನ ಮಾರಿನ ಆಕಿದೂ. ದನಿ ಕೊಡ್ರಿ ನನಗ" ಎಂದಳು ಬನ್ನವ್ವ. ಹಾಗೆಂದವಳು, ಆಟದ ದಿನ ಬಣ್ಣ ಹಚ್ಚಿಕೊಂಡ ಮೇಲೆ, ಮಹಾರಥಿಯ ಪರದೆಯಲ್ಲಿ ತಂಗಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಾನೇ ಪರದೆಯನ್ನು ನಂದಿಸಿದಳು.

ಪರದೆ ಕಪ್ಪಾಗಿಯೇ ಇತ್ತು, ಜನ ಗೊಣಗಿದರು. ನಾನು ತಬಲಾ ನುಡಿಸಿದೆ. ಬನ್ನವ್ವ ಸಾಲು ಬಿಟ್ಟಳು, ತಾಳ ಬೀಳುವುದರೊಳಗೆ ತಂಗಿ ಅದನ್ನು ಕಸಿದಳು. ಗೊಣಗು ನಿಂತಿತು. ಕೆಣಕು, ಕಸಿತ, ಮತ್ತೆ ಕೆಣಕು. ನಡುವೆ ಒಮ್ಮೆ ಬನ್ನವ್ವ ನನ್ನ ಕಡೆ ಕಣ್ಣು ಮಿಟುಕಿಸಿ, ಬೇಕೆಂದೇ ಸಾಲನ್ನು ಎಳೆದಳು. ಕತ್ತಲ ಪರದೆಯಿಂದ ಒಂದು ಉಸಿರೂ ತಡವಿಲ್ಲದೆ ಬಂತು, "ಈಗ ಎಳದಿ ನೋಡು ಅಕ್ಕಾ. ಈಗ ಖರೇನ ಎಳದಿ." ಬನ್ನವ್ವನಿಗೆ ನಗು ಬಂದು ಮುಂದಿನ ಸಾಲೇ ತಪ್ಪಿತು. ಅದನ್ನೂ ತಂಗಿಯೇ ಹಾಡಿದಳು.

ನಾಳೆ ದೊಡ್ಡವ್ವನನ್ನು ಆಸ್ಪತ್ರೆಗೆ ಕರೆದೊಯ್ಯುತ್ತೇವೆ, ಅದಕ್ಕೇ ಇದನ್ನು ಇವತ್ತೇ ಬರೆದೆ. ಮಹಾಜನರೇ, ವೇಗ ಎಷ್ಟೆಂದು ಕಂಪನಿಯವರು ಕೇಳದೆಯೇ ಹೇಳುತ್ತಾರೆ. ನೀವು ಯಾರ ಜೊತೆ ಹೆಚ್ಚು ಮಾತಾಡುತ್ತೀರೋ ಅವರ ಮನೆಗೆ ಹಾದಿ ಯಾವುದು, ಅದನ್ನು ನೀವೇ ಕೇಳಬೇಕು. ಕೇಳಿ ಆರಿಸಿ. ಹಾಕಿಸುವಾಗ ಕೊಳವೆಯಲ್ಲಿ, ನೆಲದೊಳಗೆ ಹಾಕಿಸಿ. ನಮಗೆ ಬೇಕಾಗುತ್ತದೆ.

ನಿಮ್ಮ ಮುಂದಿನ ಸಾಲಿನವ,
ಹುಚ್ಚೇಶ