ಹವಳದ ಹೆಪ್ಪು

ನೇತ್ರಾಣಿ, ಫೆಬ್ರವರಿ ಮೂವತ್ತು, ೨೨೯೪

ಶಾಂಭವಿ ಅಜ್ಜಿಗೆ,

ತಾರೀಖು ತಪ್ಪಲ್ಲ, ನಮ್ಮ ಕಾಲಕ್ಕೆ ಫೆಬ್ರವರಿ ಉದ್ದವಾಗಿದೆ. ನನ್ನ ಕೆಲವು ಮಾತುಗಳು ನಿನಗೆ ವಿಚಿತ್ರವೆನಿಸಿದರೆ ಕ್ಷಮಿಸು. ನೀನು ಹತ್ತು ತಲೆಮಾರು ಹಿಂದಿನ ಅಜ್ಜಿ, ಆದರೂ ಕಾಲದಲ್ಲಿ ಹಿಂದಕ್ಕೆ ಬರುವ ಈ ಕಾಗದ ಓದುವಾಗ ನಿನಗೆ ಇಪ್ಪತ್ತಾರೇ ವರ್ಷ. ನನಗೆ ಐವತ್ತು. ಆದ್ದರಿಂದ ಬೈಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನಾನು ತಿರುಮಲಿ, ಇಲ್ಲಿಯ ಲೋಳೆಗಾತಿ. ಹವಳದ ಮೈಮೇಲಿನ ಲೋಳೆಯನ್ನು ನೋಡಿಕೊಳ್ಳುವವಳನ್ನು ನಾವು ಹಾಗೆ ಕರೆಯುತ್ತೇವೆ. ಬೆಳಿಗ್ಗೆ ನೀರಿಗಿಳಿದು, ಹವಳವನ್ನು ಬೆರಳಿನಿಂದ ಮೆಲ್ಲಗೆ ಸವರಿ, ಮೇಲೆ ಬಂದು ಮೂಸುತ್ತೇನೆ. ಒಳ್ಳೆಯ ಲೋಳೆಗೆ ಅಕ್ಕಿ ತೊಳೆದ ನೀರಿನ ವಾಸನೆ. ಅದರಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಸಂಸಾರ ಹೂಡಿರುತ್ತವೆ, ಹವಳಕ್ಕೆ ಬರುವ ರೋಗವನ್ನು ತಡೆಯುತ್ತವೆ. ಗಟ್ಟಿಮುಟ್ಟಾದ ಹವಳದ ಲೋಳೆಯನ್ನು ಸೊರಗಿದ ಹವಳಕ್ಕೆ ಹಚ್ಚಿದರೆ ಅದೂ ಚೇತರಿಸಿಕೊಳ್ಳುತ್ತದೆ. ಅದಕ್ಕೇ ಅದನ್ನು ಹೆಪ್ಪು ಎನ್ನುತ್ತೇವೆ. ಹೆಪ್ಪು ಕೆಟ್ಟರೆ ಪಾಚಿ ಏರುತ್ತದೆ. ಪಾಚಿ ಒಸರುವ ಸಕ್ಕರೆ ತಿಂದು ಬೇರೆ ಜಾತಿಯ ಬ್ಯಾಕ್ಟೀರಿಯಾ ಕೊಬ್ಬಿ, ನೀರಿನ ಉಸಿರನ್ನೆಲ್ಲ ಹೀರಿ, ಹವಳವನ್ನು ಉಸಿರುಕಟ್ಟಿಸಿ ಕೊಲ್ಲುತ್ತವೆ. ಆಗ ಬೆರಳು ಕೊಳೆತ ಮೊಟ್ಟೆಯಂತೆ ನಾರುತ್ತದೆ.

ನಮಗೆ ಉಳಿದಿರುವುದು ಒಂದೇ ಹವಳ, ಮೊರದಷ್ಟು ಅಗಲ. ಮೊನ್ನೆ ಅದೂ ನಾರಿತು. ನನಗೆ ಕೆಲಸ ಕಲಿಸಿದ ಲಚ್ಮತ್ತೆ ನನ್ನ ಬೆರಳು ಮೂಸಿ, "ಹೆಪ್ಪೇ ಸತ್ತೋಯ್ತು ಮಗಾ. ಇನ್ನೆಲ್ಲಿಂದ ತರೂದು?" ಎಂದಳು. ಬೇರೆ ಕಡಲಿನ ಹೆಪ್ಪು ಇಲ್ಲಿಯ ನೀರಿನಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ಇಷ್ಟು ವರ್ಷ ಅದನ್ನೇ ಮತ್ತೆ ಮತ್ತೆ ತಂದು ಹಚ್ಚಿ ಹೇಗೋ ದೂಡಿದೆವು. ಈಗ ಆ ಕಡಲೂ ಖಾಲಿ.

ನಮ್ಮದೇ ಹೆಪ್ಪು ಎಲ್ಲಿ ಹೋಯಿತೆಂದು ಹುಡುಕುತ್ತ ನಿನ್ನ ದಿನಚರಿ ತೆರೆದೆ, ನೀನು ಇನ್ನೂ ಬರೆಯದ ಪುಟವನ್ನೇ ಓದಿದೆ. ಥೂ! ನಿಮ್ಮ ಆ ವರ್ಷದ ಬೇಸಿಗೆಯ ಬಿಸಿಗೆ ಕಡಲಿನ ಹವಳವೆಲ್ಲ ಸತ್ತು, ದಡದ ತೊಟ್ಟಿಯಲ್ಲಿ ನಿಮ್ಮ ಕಚೇರಿಯವರು ಸಾಕಿದ ನಲವತ್ತು ಹವಳಗಳ ಮೈಮೇಲೆ ಮಾತ್ರ ಈ ದ್ವೀಪದ ಹೆಪ್ಪು ಉಳಿದಿತ್ತು. ತಪಾಸಣೆಗೆ ಮೇಲಿನ ಸಾಹೇಬರು ಬರುತ್ತಾರೆ, ಲೋಳೆ ಅಸಹ್ಯವಾಗಿ ಕಾಣುತ್ತದೆ ಎಂದು ನೀನು ತೊಟ್ಟಿಗೆ ಔಷಧಿ ಸುರಿದು ನಲವತ್ತನ್ನೂ ಬ್ರಶ್ ಹಾಕಿ ಉಜ್ಜಿದೆ. ಫಳಫಳ ಹೊಳೆಯಿತಂತೆ. ನೆಂಟರು ಬರುತ್ತಾರೆಂದು ಮೊಸರಿನ ಗಡಿಗೆಯನ್ನು ಹೆಪ್ಪಿನ ಸಮೇತ ತೊಳೆದು ಬೋರಲು ಹಾಕುವವರು ಉಂಟೇ? ಸಾಹೇಬರ ಪಕ್ಕ ಹಲ್ಲುಬಿಟ್ಟು ನಿಂತ ನಿನ್ನ ಫೋಟೋ ನಮ್ಮ ಗೋಡೆಯ ಮೇಲಿದೆ. ಹಬ್ಬಕ್ಕೆ ಅದಕ್ಕೆ ಹೂ ಏರಿಸುತ್ತಿದ್ದೆವು. ಈಗ ಅದನ್ನು ಗೋಡೆಯತ್ತ ಮುಖಮಾಡಿ ತಿರುಗಿಸಿಟ್ಟಿದ್ದೇನೆ. ನನ್ನ ಮೇಲೂ ಹೇಸಿಗೆಯಾಗಿದೆ. ಹೋದ ವಾರ ನಮ್ಮಲ್ಲಿಗೆ ದೊಡ್ಡವರು ಬಂದಾಗ ನಾನೂ ಈ ಲೋಳೆಗೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡೆ. ನಿನ್ನ ರಕ್ತವೇ ತಾನೆ.

ಸಾಹೇಬರು ಬರುವುದು ನಿನಗೆ ನಾಳೆ. ಎದುರು ಮಾತಾಡಿದರೆ ನಿನ್ನ ಕೆಲಸ ಹೋಗುತ್ತದೆಂದು ಬಲ್ಲೆ. ಮೂವತ್ತೊಂಬತ್ತನ್ನು ಉಜ್ಜು, ಹಾಳಾಗಿ ಹೋಗಲಿ. ಒಂದನ್ನು ಮಾತ್ರ ಬಕೆಟ್ಟಿನ ಕಡಲನೀರಿನಲ್ಲಿ ಮುಳುಗಿಸಿ, ಒದ್ದೆ ಗೋಣಿ ಹೊದಿಸಿ, ಹಿಂಬಾಗಿಲಲ್ಲಿ ಇಡು; ಸಾಹೇಬರು ಹೋದ ಮೇಲೆ ಅದರ ಹೆಪ್ಪನ್ನೇ ಉಳಿದವಕ್ಕೆ ಹಚ್ಚು. ಬಕೆಟ್ಟಿನಲ್ಲೇನು ಎಂದು ಕೇಳಿದರೆ ಮೀನು ಅನ್ನು. ಮೀನುಗಾರರ ಮಗಳು, ನಂಬುತ್ತಾರೆ. ಮೂಗು ಮುಚ್ಚಿಕೊಂಡು ಅತ್ತ ಹೋಗುತ್ತಾರೆ.