ಕೃತಿಕಾಳ ಬಿ.ಎಸ್ಸಿ.ಗೆ ತಿಂಗಳಿಗೆ ಸಾವಿರ ರೂಪಾಯಿ

ಮಾನ್ಯ ಪ್ರಾಂಶುಪಾಲರೇ,

ನನ್ನ ಮಗಳು ಕೃತಿಕಾಳ ಸಂಬಳದ ಬಗ್ಗೆ ನೀವು ಸುಳ್ಳು ಬರೆಸಿದಿರಿ. ನಾವು ನಿಜ ಹೇಳಿದೆವು. ಅದಕ್ಕೆ ವಿಶ್ವವಿದ್ಯಾಲಯದಿಂದ ಬಂದ ಅವಳ ಪದವಿ ಪ್ರಮಾಣಪತ್ರವನ್ನು ನಿಮ್ಮ ಬೀರುವಿನಲ್ಲಿಟ್ಟು, ಕ್ಷಮಾಪಣೆ ಬರೆದುಕೊಟ್ಟು ಒಯ್ಯಿರಿ ಎಂದು ಹೇಳಿ ಕಳಿಸಿದ್ದೀರಿ. ಕ್ಷಮಾಪಣೆಯ ಬದಲು ಈ ಪತ್ರ ಬರೆಯುತ್ತಿದ್ದೇನೆ. ನಾಲ್ಕು ಜನ ಓದಲೆಂದು ಪತ್ರಿಕೆಗೇ ಕಳಿಸುತ್ತಿದ್ದೇನೆ.

ನಾನು ಮೂಡಿಗೆರೆ ಬಸ್ ನಿಲ್ದಾಣದ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡವಳು. ಐದು ವರ್ಷದ ಹಿಂದೆ ನೀವು ನಮ್ಮೂರಿಗೆ ಬಂದು ಭಾಷಣ ಮಾಡಿದ್ದು ನೆನಪಿದೆಯೇ? "ಈ ಬೆಟ್ಟಗುಡ್ಡಗಳೇ ನಿಮ್ಮ ಮಕ್ಕಳ ಪ್ರಯೋಗಾಲಯ. ಜೀವಶಾಸ್ತ್ರ ಓದಿದವರನ್ನು ಕೆಲಸವೇ ಹುಡುಕಿಕೊಂಡು ಬರುತ್ತದೆ" ಎಂದಿರಿ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ಕೃತಿಕಾಗೆ ಭಾಷಣದ ಅಗತ್ಯವೂ ಇರಲಿಲ್ಲ. ಅವಳು ಚಿಕ್ಕಂದಿನಿಂದಲೇ ಗದ್ದೆಯಂಚಿನ ಕಪ್ಪೆಗಳ ಲೆಕ್ಕ ಬರೆಯುತ್ತಿದ್ದ ಹುಡುಗಿ. ಫೀಸಿಗೂ ಹಾಸ್ಟೆಲಿಗೂ ಎರಡು ಲಕ್ಷ ನಲವತ್ತು ಸಾವಿರ ಸಾಲವಾಯಿತು. ಬ್ಯಾಂಕಿನಲ್ಲಿ ಅವಳ ಸಹಿಯ ಕೆಳಗೆ ನನ್ನ ಸಹಿ.

ಪದವಿ ಮುಗಿಯಿತು. ಹನ್ನೊಂದು ತಿಂಗಳು ಕಾದೆವು. ಹುಡುಕಿಕೊಂಡು ಬರಬೇಕಾಗಿದ್ದ ಕೆಲಸ ದಾರಿ ತಪ್ಪಿ, ಗಣಿ ಮುಚ್ಚಿ ಖಾಲಿ ಬಿದ್ದ ಕುದುರೆಮುಖದ ಕಡೆ ಹೋಯಿತೋ ಏನೋ, ನಮ್ಮ ಮನೆಗಂತೂ ಬರಲಿಲ್ಲ. ಕೊನೆಗೆ ಚಿಕ್ಕಮಗಳೂರಿನ ಕಾಫಿ ಹದಮಾಡುವ ಕ್ಯೂರಿಂಗ್ ಕಾರ್ಖಾನೆಯೊಂದರಲ್ಲಿ ಬೀಜದ ತೇವಾಂಶ ಅಳೆಯುವ, ಹುಳ ಕೊರೆದ ಬೀಜ ಎಣಿಸುವ ಕೆಲಸ ಸಿಕ್ಕಿತು. ಸಂಬಳ ಹನ್ನೊಂದೂವರೆ ಸಾವಿರ. ಪಕ್ಕದ ಮೇಜಿನಲ್ಲಿ ಅದೇ ಬೀಜ ಎಣಿಸುವ ಮೋಹಿತ್ ಓದಿರುವುದು ಪಿಯುಸಿ, ಅವನಿಗೆ ಹತ್ತೂವರೆ. ಅಂದರೆ ನಿಮ್ಮ ಮೂರು ವರ್ಷದ ಪದವಿಯಿಂದ ನನ್ನ ಮಗಳಿಗೆ ತಿಂಗಳಿಗೆ ಸಾವಿರ ರೂಪಾಯಿ ಹೆಚ್ಚು ಬಂತು. ಆ ಪದವಿಯ ಸಾಲಕ್ಕೆ ತಿಂಗಳ ಕಂತು ನಾಲ್ಕು ಸಾವಿರದ ಎಂಟುನೂರು. ಗಣಿತ ನಿಮ್ಮ ವಿಷಯವಲ್ಲದಿದ್ದರೂ ಇಷ್ಟು ಕಳೆಯಲು ಬರುತ್ತದಲ್ಲವೇ?

ಇಷ್ಟಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ಕಳೆದ ಮೇ ತಿಂಗಳಲ್ಲಿ ನಿಮ್ಮ ಕಚೇರಿಯ ನಾಗೇಶ, ಮೂಡಿಗೆರೆಯ ಪ್ರವೇಶಾತಿ ಸಭೆಯಲ್ಲಿ ಹಂಚಲು ಮುನ್ನೂರು ಪ್ರತಿ ಬೇಕೆಂದು ಒಂದು ಹಾಳೆ ತಂದ. ಗಾಜಿನ ಮೇಲೆ ಇಡುವಾಗ ನೋಡಿದರೆ ನನ್ನ ಮಗಳದೇ ಫೋಟೋ! "ನಮ್ಮ ಸಾಧಕಿ, ಮಾಸಿಕ ಆದಾಯ ಮೂವತ್ತೆರಡು ಸಾವಿರ".

"ಇದು ಯಾರು ಹೇಳಿದ್ದು ನಾಗೇಶ?"

"ನಂಗೇನ್ ಗೊತ್ತು ಅಕ್ಕಾ, ಸಾಹೇಬ್ರು ಕೊಟ್ಟಿದ್ದನ್ನ ತಂದೆ ಅಷ್ಟೆ. ನಾಳೆ ಬೆಳಿಗ್ಗೆ ಬರ್ತೀನಿ" ಎಂದು ಹೋದ.

ಭಾನುವಾರವಾದ್ದರಿಂದ ಕೃತಿಕಾ ಮನೆಯಲ್ಲೇ ಇದ್ದಳು. ಹಾಳೆ ನೋಡಿ ನಗಲಿಲ್ಲ, ಅಳಲೂ ಇಲ್ಲ. "ಬ್ಯಾಂಕಿನವರು ಇದನ್ನ ನೋಡಿದ್ರೆ ಕಂತು ಯಾಕೆ ತಡ ಅಂತ ಕೇಳ್ತಾರಮ್ಮ" ಎಂದಳು. ಆಮೇಲೆ ಒಂದು ಬಿಳಿ ಹಾಳೆಯಲ್ಲಿ ತನ್ನ ನಿಜವಾದ ಸಂಬಳ, ಸಾಲ, ಕಂತು, ಪೀಜಿ ಬಾಡಿಗೆ ಎಲ್ಲವನ್ನೂ ಬರೆದು ಕೆಳಗೆ ಹೆಸರು ಹಾಕಿದಳು. "ಇದನ್ನ ಹಿಂಬದಿಗೆ ಹಾಕು." ಮುನ್ನೂರಕ್ಕೂ ಹಾಕಿದೆ. ನಿಮ್ಮನ್ನು ಕೇಳದೆ ಹಾಕಿದ್ದು ತಪ್ಪು, ಒಪ್ಪುತ್ತೇನೆ. ಆದ್ದರಿಂದಲೇ ಹಿಂಬದಿಯ ಪ್ರತಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಸಭೆಯಲ್ಲಿ ಏನಾಯಿತೆಂದು ನಿಮಗೆ ಹೇಳಬೇಕಿಲ್ಲ, ಓದುವವರಿಗೆ ಹೇಳುತ್ತೇನೆ. ಮೋನಿಕಾ ಎಂಬ ಪಿಯುಸಿ ಮುಗಿಸಿದ ಹುಡುಗಿ ಹಾಳೆ ತಿರುಗಿಸಿ ನೋಡಿ ಎದ್ದುನಿಂತಳು. "ಸರ್, ಎರಡರಲ್ಲಿ ಯಾವುದು ನಿಜ?" ಎಂದಳು. ನೀವು ಕನ್ನಡಕ ಸರಿಮಾಡಿಕೊಂಡು, "ಇದು ಯಾರೋ ಕಿಡಿಗೇಡಿಗಳ ಕೆಲಸ" ಎಂದಿರಿ. ಆ ದಿನ ರಜೆ ಹಾಕಿ ಬಂದು ಹಿಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಕೃತಿಕಾ ಆಗ ಎದ್ದಳು.

"ಕಿಡಿಗೇಡಿ ಅಲ್ಲ ಸರ್, ನಿಮ್ಮ ಸಾಧಕಿ. ಮುಂದಿನ ಬದಿಯಲ್ಲಿ ನನ್ನ ಫೋಟೋನೇ ಇದೆ, ನೋಡಿ."

ಸಭೆ ಅರ್ಧ ಗಂಟೆ ಮೊದಲೇ ಮುಗಿಯಿತು. ಮೋನಿಕಾ ಆಮೇಲೆ ಅಂಗಡಿಗೆ ಬಂದು ಕೃತಿಕಾಳೊಡನೆ ಒಂದು ಮಧ್ಯಾಹ್ನ ಕೂತಳು. ಈಗ ಸರ್ಕಾರಿ ಕಾಲೇಜಿನಲ್ಲಿ, ಸಾಲವಿಲ್ಲದೆ, ಅದೇ ಜೀವಶಾಸ್ತ್ರ ಓದುತ್ತಿದ್ದಾಳೆ. ನನ್ನ ಮಗಳು ವಿಷಯವನ್ನು ಹಳಿಯಲಿಲ್ಲ ಸ್ವಾಮಿ, ನೀವು ಹಾಕಿದ ಬೆಲೆಪಟ್ಟಿಯನ್ನು ಹಳಿದಳು.

ಈಗ ಅದೇ ಕುದುರೆಮುಖದ ಪಕ್ಕದ ಸಂಸೆ ಎಂಬ ಊರಿನ ಹಳ್ಳಗಳಲ್ಲಿ ಕಪ್ಪೆಗಳ ಅಧ್ಯಯನ ಮಾಡುವ ಒಂದು ಯೋಜನೆಯವರು ಕೃತಿಕಾಳನ್ನು ಆರಿಸಿದ್ದಾರೆ. ಎರಡು ವರ್ಷದ ಕೆಲಸ, ಇಪ್ಪತ್ತೊಂದು ಸಾವಿರ ಸಂಬಳ. ತಿಂಗಳ ಕೊನೆಯೊಳಗೆ ಮೂಲ ಪ್ರಮಾಣಪತ್ರ ತೋರಿಸಬೇಕು. ಅದನ್ನು ಕೇಳಲು ಬಂದವಳನ್ನು ನೀವು ಎರಡು ಗಂಟೆ ಬಾಗಿಲಲ್ಲಿ ನಿಲ್ಲಿಸಿ, ಕ್ಷಮಾಪಣೆಯ ಮಾತು ಹೇಳಿ ಕಳಿಸಿದಿರಿ.

ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಕ್ಷಮಾಪಣೆಯನ್ನು ನಾನು ಬರೆದೇಬಿಟ್ಟಿದ್ದೆ. ತಾಯಿ ಅಲ್ಲವೇ, ಕೆಲಸ ಕೈತಪ್ಪುತ್ತದೆಂಬ ಭಯ. ಸಹಿ ಹಾಕೆಂದು ಮುಂದಿಟ್ಟೆ. ಅವಳು ಓದಿ, ಮಡಚಿ, ನನ್ನ ಕೈಗೇ ಕೊಟ್ಟಳು. "ಸುಳ್ಳು ಅವರದ್ದು, ಕ್ಷಮೆ ನಮ್ಮದಾ ಅಮ್ಮ?" ಇದಕ್ಕೆ ನಿಮ್ಮ ಬಳಿ ಉತ್ತರವಿದ್ದರೆ ಇದೇ ಪತ್ರಿಕೆಯಲ್ಲಿ ಬರೆಯಿರಿ.

ಆ ಪ್ರಮಾಣಪತ್ರ ಕಾಲೇಜಿನ ದಾನವಲ್ಲ. ಅದು ನನ್ನ ಮಗಳು ಓದಿ ಪಡೆದದ್ದು, ಇನ್ನೂ ದುಡ್ಡು ಕಟ್ಟುತ್ತಿರುವುದು. ಅದನ್ನು ಕೊಡಿ. ಮುಂದಿನ ವರ್ಷದ ಹಾಳೆಯಲ್ಲಿ ನಿಮ್ಮ ಪದವೀಧರರ ಸಂಬಳವನ್ನು ಅವರನ್ನೇ ಕೇಳಿ ಬರೆಯಿರಿ, ಪಕ್ಕದಲ್ಲಿ ಅವರ ಸಾಲವನ್ನೂ ಬರೆಯಿರಿ. ಮಂಗಳವಾರ ಬೆಳಿಗ್ಗೆ ಅಂಗಡಿಗೆ ಬಾಗಿಲು ಹಾಕಿ, ಮೊದಲ ಬಸ್ಸಿಗೆ ಕೃತಿಕಾಳೊಂದಿಗೆ ನಾನೂ ಬರುತ್ತೇನೆ. ಬಾಗಿಲಲ್ಲಿ ನಿಲ್ಲುವುದಿಲ್ಲ, ಒಳಗೆ ಬಂದು ಕೂರುತ್ತೇವೆ.

ಇಂತಿ,
ಭಾಷಣ ನಂಬಿ ಸಾಲಕ್ಕೆ ಸಹಿ ಹಾಕಿದ, ಇನ್ನೂ ಆರು ವರ್ಷ ಕಂತು ಬಾಕಿಯಿರುವ
ವಿಶಾಲಾಕ್ಷಮ್ಮ
ಮೂಡಿಗೆರೆ