ಕಂಬವೇರಿದ ವಿಮಾನವನ್ನು ಇಳಿಸಿಕೊಡಿ

ನಗರದ ಅಂದಚಂದದ ಹೊಣೆ ಹೊತ್ತ ಮಾನ್ಯ ಮುಖ್ಯಾಧಿಕಾರಿಗಳೇ,

ಮೊದಲು ಖರ್ಚು ಬರೆದುಬಿಡುತ್ತೇನೆ, ವ್ಯಾಪಾರಿಯ ಚಾಳಿ. ಎಡ್ಲಗುಟ್ಟ ಸರ್ಕಲ್ಲಿನಲ್ಲಿ ತಾವು ಎಬ್ಬಿಸಿದ ವಿಮಾನಸ್ತಂಭಕ್ಕೆ ತಗುಲಿದ್ದು ಇಷ್ಟು: ಸಿಮೆಂಟು, ಕಬ್ಬಿಣ, ಬಣ್ಣದ ದೀಪ, ಉದ್ಘಾಟನೆಯ ಶಾಮಿಯಾನ, ಉದ್ಯಾನವಾಗಲೆಂದು ಸಂಕ್ರಾಂತಿಗೆ ಬೀಗ ಬೀಳಲಿರುವ ಒಂದು ರನ್‌ವೇ, ಎರಡು ಬೇವಿನ ಮರ, ಒಂದು ಫ್ಲೈಯಿಂಗ್ ಕ್ಲಬ್ಬು ಮತ್ತು ಹಾರುತ್ತಿದ್ದ ಒಂದು ವಿಮಾನ. ಮೊದಲಿನವು ತಮ್ಮ ಕಡತದಲ್ಲಿ ಇದ್ದೇ ಇರುತ್ತವೆ. ಉಳಿದವನ್ನು ನೆನಪಿಸುವುದಕ್ಕೆ ಈ ಪತ್ರ. ಕೊನೆಯದನ್ನು ದಯವಿಟ್ಟು ಎರಡು ಸಲ ಓದಬೇಕು. ಗುಜರಿ ಎಂದು ತಾವು ಕಂಬಕ್ಕೇರಿಸಿದ ಆ ಎರಡು ಸೀಟಿನ ವಿಮಾನ ದಸರೆಯವರೆಗೂ ಹಾರುತ್ತಿತ್ತು. ನನ್ನ ಮಗಳು ತೇಜಸ್ವಿನಿ ಪೈಲಟ್ ವಿದ್ಯೆ ಕಲಿಯುತ್ತಿದ್ದದ್ದು ಅದರಲ್ಲೇ.

ವಿಮಾನ ನಿಲ್ದಾಣಗಳಿಗೆ ನಾನು ಶತ್ರುವೆಂದು ಭಾವಿಸಬೇಡಿ. ಸೇಡಂ ಕಡೆಯಿಂದ ಬಂದು, ಹರಿದ ಚೀಲಗಳಿಗೆ ಜಿಪ್ ಹಾಕುತ್ತ ಹಾಕುತ್ತ ಸುಲ್ತಾನ್ ಬಜಾರಿನಲ್ಲಿ ಸೂಟ್‌ಕೇಸಿನ ಅಂಗಡಿ ಮಾಡಿಕೊಂಡವನು ನಾನು. ಜನ ಹಾರಿದಷ್ಟೂ ನನಗೆ ಲಾಭ. ಶಂಷಾಬಾದಿನ ನಿಲ್ದಾಣಕ್ಕೆ ಹೋದಾಗಲೆಲ್ಲ ಮೈಮರೆಯುತ್ತೇನೆ. ನೆಲ ನೋಡಿಕೊಂಡೇ ಮೀಸೆ ತಿದ್ದಬಹುದು. ಗಾಜಿನಾಚೆ ಬೆಳಗಿನ ಬಿಸಿಲಿಗೆ ವಿಮಾನಗಳು ಸಾಲಾಗಿ ಮೈಕಾಯಿಸುವುದನ್ನು ಕಂಡರೆ ದೇವರನ್ನು ನಂಬದವನಿಗೂ ಒಂದು ಗಳಿಗೆ ಭಕ್ತಿ ಬರುತ್ತದೆ. ಆದರೆ ಅದನ್ನು ಕಾಣಲು ಕೈಯಲ್ಲಿ ಟಿಕೆಟ್ ಇರಬೇಕು. ಕಳಿಸಲು ಬಂದವನು ಕಾರಿನ ಡಿಕ್ಕಿ ಮುಚ್ಚುವಷ್ಟರಲ್ಲಿ ಸೀಟಿ ಊದಿ ಅಟ್ಟುತ್ತಾರೆ.

ಮಲ್ಕಾಜ್‌ಗಿರಿ ದಾಟಿ ಇನ್ನೂ ಮುಂದೆ ಹೋದರೆ ಸಿಗುವ ಎಡ್ಲಗುಟ್ಟದ ಕ್ಲಬ್ಬಿನ ಮೈದಾನದಲ್ಲಿ ಟಿಕೆಟ್ಟಿನ ಮಾತೇ ಇರಲಿಲ್ಲ. ತಂತಿಬೇಲಿಗೆ ಎದೆ ಒರಗಿಸಿ ನಿಂತರಾಯಿತು. ಎಮ್ಮೆ ಮೇಯಲು ಬಂದರೆ ಜೀಪಿನ ಹಾರ್ನು ಹೊಡೆದು ಓಡಿಸುತ್ತಿದ್ದರು, ಆಮೇಲೆ ವಿಮಾನ ಓಡುತ್ತಿತ್ತು. ಗಾಳಿ ಯಾವ ಕಡೆಯದೆಂದು ತೋರಿಸುವ ಚೀಲ ಹರಿದಾಗ ನನ್ನ ಅಂಗಡಿಯ ಸೂಟ್‌ಕೇಸಿನ ಅಸ್ತರಿನಿಂದ ಹೊಸದು ಹೊಲಿಸಿ ಕೊಟ್ಟಿದ್ದೆ. ಅದು ಉಬ್ಬಿ ನಿಂತಾಗ ಆಗುತ್ತಿದ್ದ ಹೆಮ್ಮೆ ನನ್ನ ಅಂಗಡಿಯ ಬೋರ್ಡು ನೋಡಿದಾಗಲೂ ಆಗಿಲ್ಲ. ಅಂದಚಂದದ ಕಚೇರಿಗೆ ಇಂಥ ಅಂದ ಕಾಣಬೇಕೆಂದರೆ ಗಾಜು, ಗ್ರಾನೈಟು ಇರಲೇಬೇಕೇನು?

ಈಗ ತಪ್ಪು ಎಲ್ಲಿ ಆಯಿತೆಂಬುದಕ್ಕೆ ಬರೋಣ. ಕ್ಲಬ್ಬಿನಲ್ಲಿ ಇದ್ದದ್ದು ಎರಡೇ ವಿಮಾನ, ಎರಡಕ್ಕೂ ಒಂದೇ ಬಣ್ಣ. ಒಂದಕ್ಕೆ ಎಂಜಿನ್ನೇ ಇಲ್ಲ. ಹೊಸಬರಿಗೆ ಕೂರಲು, ಗುಂಡಿಗಳ ಗುರುತು ಹಿಡಿಯಲು ಇಟ್ಟದ್ದು. ಆಯುಧಪೂಜೆಯ ದಿನ ಹಾರುವ ವಿಮಾನಕ್ಕೆ ಹೂ ಕಟ್ಟುವಂತಿಲ್ಲ. ಚೆಂಡುಹೂವಿನ ಎಸಳು ಎಂಜಿನ್ನಿನೊಳಗೆ ಹೊಕ್ಕರೆ ಪೂಜೆಯ ಫಲ ಬೇರೆಯೇ ಆದೀತು. ಹಾಗಾಗಿ ಕ್ಲಬ್ಬಿನ ರೂಢಿಯೆಂದರೆ, ಹಾರ, ಬಾಳೆಕಂದು, ಕುಂಕುಮ, ಕುಂಬಳಕಾಯಿ ಎಲ್ಲವೂ ಹಾರದ ವಿಮಾನಕ್ಕೆ. ಹಾರುವುದಕ್ಕೆ ದೂರದಿಂದ ಒಂದು ನಮಸ್ಕಾರ. ಮೆಕ್ಯಾನಿಕ್ ಚನ್ನು ಈ ಸಲವೂ ಹಾಗೇ ಮಾಡಿದ. "ಹಾರೂದು ತನ್ನ ಕಾಳಜಿ ತಾನ ಮಾಡ್ಕೋತೈತ್ರಿ. ಕುಂತಿದ್ದಕ್ಕ ದೇವರ ದಿಕ್ಕು," ಎಂದು ನನಗೂ ಪ್ರಸಾದ ಕೊಟ್ಟ.

ಸ್ತಂಭಕ್ಕೊಂದು ಹಳೆಯ ವಿಮಾನ ಬೇಕೆಂದು ತಮ್ಮ ಕಚೇರಿ ಕೇಳಿತ್ತು. ಎಂಜಿನ್ ಇಲ್ಲದ್ದನ್ನು ಕೊಡಲು ಕ್ಲಬ್ಬು ಒಪ್ಪಿತ್ತು. ದಸರೆಯ ಮರುದಿನ, ಕ್ಲಬ್ಬಿನವರೆಲ್ಲ ಬನ್ನಿ ಕೊಡಲು ನೆಂಟರ ಮನೆ ಸುತ್ತುತ್ತಿದ್ದಾಗ ತಮ್ಮವರು ಕ್ರೇನ್ ತಂದರು. ಒಂದು ವಿಮಾನ ಮದುವಣಗಿತ್ತಿಯಂತೆ ಸಿಂಗರಿಸಿಕೊಂಡಿದೆ, ಇನ್ನೊಂದು ಧೂಳು ಹೊದ್ದು ಮೂಲೆಯಲ್ಲಿದೆ. ಇಷ್ಟು ಪೂಜೆ ಮಾಡಿಸಿಕೊಂಡದ್ದೇ ಹಾರುವುದು ಎಂದು ಅವರು ತೀರ್ಮಾನಿಸಿದರು. ಸಂಸ್ಕಾರವಂತರು, ದೂರಲಾರೆ. ಮೂಲೆಯದನ್ನು ಎತ್ತಿ ಕಂಬಕ್ಕೆ ಬೋಲ್ಟು ಹಾಕಿದರು.

ತಮ್ಮ ಕಚೇರಿಗೆ ಹೋದೆ. ಗುಮಾಸ್ತ ಮಹೇಶಕುಮಾರರು ನನ್ನ ತೆಲುಗು ಕೇಳಿದವರೇ ಕನ್ನಡಕ್ಕೆ ಹೊರಳಿದರು.

"ಯಾವ ಕಡಿಯವರ್ರಿ?"

"ಸೇಡಂ ಕಡಿ."

"ಹಂಗಾದ್ರ ಕೂಡ್ರಿ, ಚಾ ಕುಡೀರಿ. ವಿಮಾನ ಮಾತ್ರ ಇಳಿಯಂಗಿಲ್ಲ."

"ಯಾಕಂತೀನಿ?"

"ಕಾಗದದಾಗ ಗುಜರಿ ಅಂತ ಐತ್ರಿ. ಗುಜರಿ ಹಾರಂಗಿಲ್ಲ. ನಿಮ್ಮದು ಹಾರತೈತಿ ಅಂದ್ರ, ನಾವು ಒಯ್ದಿದ್ದು ನಿಮ್ಮದಲ್ಲ."

"ಕಂಬ ಹತ್ತಿ ಚಾಲೂ ಮಾಡಿ ತೋರಿಸ್ಲೇನ್ರಿ?"

"ಬ್ಯಾಡ್ರಿ ಯಜಮಾನ್ರ, ಉದ್ಘಾಟನಾ ಆಗೇತಿ."

ಚಾ ಚೆನ್ನಾಗಿತ್ತು. ಅದನ್ನೂ ದಾಖಲಿಸುತ್ತೇನೆ.

ಮಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸರ್ಕಲ್ಲಿಗೆ ಹೋದೆ. ಅವಳು ಬಹಳ ಹೊತ್ತು ಕತ್ತೆತ್ತಿ ನೋಡಿ, "ಅಪ್ಪಾ, ಮೂತಿ ಗಾಳಿ ಬರೋ ಕಡಿ ಇಟ್ಟಿಲ್ಲ ನೋಡು. ನಿಲ್ಲಸೂದರ ನೆಟ್ಟಗ ನಿಲ್ಲಸಬೇಕಿಲ್ಲೇನು?" ಎಂದಳು. ಒಬ್ಬಳೇ ಹಾರಬೇಕಾದ ಕೊನೆಯ ಕೆಲವು ಗಂಟೆಗಳು ಮುಗಿದರೆ ಅವಳಿಗೆ ಲೈಸೆನ್ಸು. ಅದೂ ಸಂಕ್ರಾಂತಿಯ ಒಳಗೆ, ರನ್‌ವೇ ಇರುವ ತನಕ. ಬೇರೆ ಕ್ಲಬ್ಬುಗಳಲ್ಲಿ ವಿಚಾರಿಸಿದೆವು. ಒಂದು ಮುಚ್ಚಿದೆ. ಇನ್ನೊಂದರಲ್ಲಿ ಪಾಳಿ ಬರುವಷ್ಟರಲ್ಲಿ ಅವಳು ಪಾಸಾದ ಪರೀಕ್ಷೆಗಳ ಅವಧಿಯೇ ಮುಗಿದಿರುತ್ತದೆ. ವಾಪಸು ಬರುವಾಗ ಬೆನ್ನ ಹಿಂದಿನಿಂದಲೇ ಹೇಳಿದಳು: "ಅಮ್ಮಗ ಈಗ ಹೇಳಬ್ಯಾಡ. ಕೊಂಡಾಪುರದಾಗ ಇಂಟರ್‌ವ್ಯೂ ಕೊಟ್ಟು ಬಂದೀನಿ. ವಿಮಾನದ ಟಿಕೆಟ್ ಬದಲಿ ಮಾಡೋರ ಫೋನ್ ಎತ್ತೂ ಕೆಲಸ." ಟ್ರಾಫಿಕ್ಕಿನ ಗದ್ದಲದಲ್ಲಿ ಕೇಳಿಸಲಿಲ್ಲವೆಂಬಂತೆ ನಟಿಸಿದೆ. ನಾನು ದಿನವಿಡೀ ಗಿರಾಕಿಗಳೆದುರು ನಟಿಸುವವನು, ಅಂದು ಮಾತ್ರ ಸರಿಯಾಗಿ ಬರಲಿಲ್ಲ.

ಮಾನ್ಯರೇ, ಸಣ್ಣ ಹಾರುಮೈದಾನಗಳನ್ನೆಲ್ಲ ಉದ್ಯಾನ ಮಾಡಿ, ಅವುಗಳ ಗೋಡೆಗೆ ವಿಮಾನದ ಚಿತ್ರ ಬರೆಸುತ್ತ ಹೋದರೆ, ಆ ಸುಂದರ ನಿಲ್ದಾಣದ ವಿಮಾನಗಳನ್ನು ನಡೆಸುವವರು ಎಲ್ಲಿಂದ ಬರಬೇಕು? ಅಲ್ಲಿನ ಸೆಂಟಿನ ಅಂಗಡಿಯಲ್ಲಿ ಸಿಗುತ್ತಾರೆಯೇ? ಮೊದಲ ಸಲ ತಪ್ಪಾಗಿ ಇಳಿಸಿ, ಕುಪ್ಪಳಿಸಿ, ಬೈಸಿಕೊಳ್ಳಲು ಎಲ್ಲೋ ಒಂದು ಒರಟು ನೆಲ ಬೇಡವೇ? ಮುನ್ನೂರು ಜನರನ್ನು ಹೊತ್ತ ವಿಮಾನದಲ್ಲೇ ಅದನ್ನೆಲ್ಲ ಕಲಿಯಲಿ ಎಂಬುದು ತಮ್ಮ ಅಭಿಪ್ರಾಯವಾದರೆ, ಆ ವಿಮಾನದಲ್ಲಿ ಮೊದಲ ಸೀಟು ತಮಗೇ ಇರಲಿ.

ನನ್ನ ಬೇಡಿಕೆ ಚಿಕ್ಕದು. ಈ ವಾರ ಮುಗಿಯುವುದರೊಳಗೆ ಹಾರುವ ವಿಮಾನವನ್ನು ಇಳಿಸಿ, ಪೂಜೆ ಮಾಡಿಸಿಕೊಂಡದ್ದನ್ನು ಏರಿಸಿ. ಸೆಲ್ಫಿ ತೆಗೆಯುವವರು ಎಂಜಿನ್ ಇದೆಯೇ ಎಂದು ಕೇಳುವುದಿಲ್ಲ. ಕ್ರೇನಿನ ಬಾಡಿಗೆ ನನ್ನದು. ವಿಮಾನ ಕಂಬದ ಮೇಲೆ ಕಳೆದ ದಿನಗಳಷ್ಟನ್ನು ರನ್‌ವೇಯ ಗಡುವಿಗೆ ಸೇರಿಸಿಕೊಡಿ. ತಪ್ಪಾಯಿತೆಂದು ಬರೆಯುವುದು ಕಷ್ಟವಾದರೆ ಸ್ತಂಭದ ದುರಸ್ತಿ ಎಂದು ಬರೆದುಕೊಳ್ಳಿ, ನಾನೇನೂ ತಕರಾರು ತೆಗೆಯುವುದಿಲ್ಲ.

ಸದ್ಯಕ್ಕೆ ಯಾರಿಗೆ ಏನು ದಕ್ಕಿದೆ ಎಂಬುದು ಹೀಗಿದೆ. ಗುತ್ತಿಗೆದಾರರಿಗೆ ಬಿಲ್ಲು. ತಮಗೆ ಪತ್ರಿಕೆಯಲ್ಲಿ ಫೋಟೋ. ಸರ್ಕಲ್ಲಿನ ಮಿರ್ಚಿ ಬಂಡಿಯವನಿಗೆ ಸಂಜೆಯ ಗಿರಾಕಿ. ಪಾರಿವಾಳಗಳಿಗೆ ರೆಕ್ಕೆಯಡಿ ಗೂಡು. ತೇಜಸ್ವಿನಿಗೆ ಕೊಂಡಾಪುರದ ನೌಕರಿ, ಸೋಮವಾರ ಸೇರಿಕೊಳ್ಳಬೇಕು.

ಇಂತಿ,
ಬೇಲಿಯ ಬಳಿ ಕತ್ತೆತ್ತಿ ರೂಢಿಯಾಗಿ, ಈಗ ಕಂಬವನ್ನೇ ನೋಡುತ್ತಿರುವ
ಅಮರೇಶಪ್ಪ
ಸುಲ್ತಾನ್ ಬಜಾರ್, ಹೈದರಾಬಾದ್